ಒಂಬತ್ತನೆಯ ಫಲಕದ ಹಿಂದಿನ ಗೋಡೆ

ಲಾರೆನ್ಸಣ್ಣ, ಆ ಹೆಸರುಗಳನ್ನು ಅಳಿಸಿದ್ದು ನೀವಲ್ಲ, ನಾನು. ನೀವು ಬ್ರಷ್ ಹಿಡಿದು ಬರುವ ಮೊದಲೇ ಆ ಗೋಡೆಯ ಮೇಲೆ ಏನೂ ಉಳಿದಿರಲಿಲ್ಲ. ಇಷ್ಟು ವರ್ಷ ನಿಮ್ಮ ಮನೆಯ ಮೀನುಸಾರು ಉಂಡಿದ್ದೇನೆ, ಬಾಯಿ ಬಿಟ್ಟಿಲ್ಲ.

ಕೊರೋನಾದಿಂದ ಚರ್ಚಿನಲ್ಲಿ ಬಲಿಪೂಜೆ ನಿಂತಿತ್ತು. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಬಾಗಿಲು ಮುಚ್ಚಿರುವಾಗಲೇ ದುರಸ್ತಿ ಮುಗಿಸೋಣ ಎಂದು ಊರವರು ಹೊರಟಾಗ, ಕ್ರೈಸ್ತನಲ್ಲದ ನನ್ನನ್ನೂ ನೀವೇ ಕರೆದೊಯ್ದಿರಿ. ಪಕ್ಕದ ಮನೆಯವನು, ಅದರ ಮೇಲೆ ನಮ್ಮ ಕರಾವಳಿಯವನು — ಈ ಪರದೇಶದಲ್ಲಿ ಬಿಟ್ಟುಬಿಡುವುದುಂಟೇ ಎಂದಿರಿ.

ಪಾಳಿಗೆ ಒಬ್ಬರೇ. ಎಲ್ಲಿಯವರೆಗೆ ಆಯಿತೆಂದು ಬಾಗಿಲ ಬಳಿಯ ನೋಟ್‌ಬುಕ್ಕಿನಲ್ಲಿ ಬರೆದು, ಗೋಡೆಗೆ ಚಾಕಿನಿಂದ ಗೀಟೆಳೆದು ಹೋಗಬೇಕು. ಮುಂದಿನವರು ಅಲ್ಲಿಂದ ಹಿಡಿಯಬೇಕು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆದರೂ ಮಸಿ ಹಿಡಿದ ಚಾವಣಿಯಿಂದ ದಿನದಿನಕ್ಕೂ ನೀಲಿ ಹೊರಬರುತ್ತಿತ್ತು, ಅದರ ತುಂಬ ಚಿನ್ನದ ಚುಕ್ಕಿಗಳು. ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿದ ಜಾಗವನ್ನು ಎಷ್ಟು ಹುಡುಕಿದರೂ ಕಾಣುತ್ತಿರಲಿಲ್ಲ. ಕತ್ತು ನೋಯುವವರೆಗೆ ನಿಂತು ನೋಡುತ್ತಿದ್ದೆ — ಅಂಥ ಬೆರಗು ನನಗೆ ಯಾವ ಗುಡಿಯಲ್ಲೂ ಆಗಿರಲಿಲ್ಲ.

ಅಂದು ಬೆಳಗಿನ ಪಾಳಿ ನನ್ನದು. ಶಿಲುಬೆಯ ಹಾದಿಯ ಹದಿನಾಲ್ಕು ಫಲಕಗಳನ್ನು ಇಳಿಸಿಟ್ಟಿದ್ದರು. ಒಂಬತ್ತನೆಯದರ — ಯೇಸು ಮೂರನೇ ಸಲ ಬೀಳುವ ಚಿತ್ರ — ಹಿಂದಿನ ಗೋಡೆಯಲ್ಲಿ ಪೆನ್ಸಿಲ್ ಗೀಚುಗಳಿದ್ದವು. ಇಲ್ಲಿನ ರಿಂಗಾಸ್ಕಿಡಿ ಊರಿನ ಔಷಧಿ ಕಾರ್ಖಾನೆಯಲ್ಲಿ ಒಂದು ಕಲೆ ಕಂಡರೂ ಒರೆಸುವುದು ನನ್ನ ಕೆಲಸ. ಸ್ಯಾಂಡ್ ಪೇಪರ್ ಹಿಡಿದು ಉಜ್ಜಿದೆ. ಚೊಕ್ಕವಾಯಿತೆಂದು ಹೆಮ್ಮೆಯೂ ಆಯಿತು.

ಹೊರಡುವಾಗ ನೋಟ್‌ಬುಕ್ ತೆರೆದೆ. ಪೀಠದ ಬಟ್ಟೆ ನೋಡಿಕೊಳ್ಳುವ ವೃದ್ಧೆ ನೋರಾ ಹಿಂದಿನ ಸಂಜೆ ಬರೆದಿದ್ದರು: ಒಂಬತ್ತರ ಹಿಂದಿನ ಗೋಡೆ ಮುಟ್ಟಬೇಡಿ, ಗಾರೆ ಮಾಡಿದ ನನ್ನ ಅಪ್ಪನ, ಅವನ ಜೊತೆಯವರ ಹೆಸರುಗಳಿವೆ.

ಮೊದಲು ಪುಸ್ತಕ ಓದಿ, ಆಮೇಲೆ ಕೆಲಸಕ್ಕೆ ಕೈ ಹಾಕಿ. ತಪ್ಪಾದರೆ ಪಾಳಿ ಮುಗಿಯುವ ಮೊದಲೇ ಬರೆದಿಡಿ — ಕಾರ್ಖಾನೆಯಲ್ಲಿ ಹೊಸಬರಿಗೆ ಇದನ್ನು ಕಲಿಸುವವನೇ ನಾನು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಆ ಹಾಳೆ ಹರಿದು ಜೇಬಿಗಿಟ್ಟುಕೊಂಡೆ. ಮಧ್ಯಾಹ್ನ ನೀವು ಬಂದು, ಏನೂ ತಿಳಿಯದೆ, ಬಿಳಿ ಬಳಿದಿರಿ.

ವಾರದ ಬಳಿಕ ದುರಸ್ತಿಯವರೆಲ್ಲ ಸೇರಿದ ವಿಡಿಯೊ ಕಾಲ್‌ನಲ್ಲಿ ನೋರಾ ಮೆಲ್ಲಗೆ ಕೇಳಿದರು, ಅಲ್ಲಿ ಬಣ್ಣ ಬಳಿದವರು ಯಾರೆಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, ನನ್ನ ಕೈ ಕ್ಯಾಮೆರಾ ಆಫ್ ಮಾಡಿತು. ನೀವು ನಾನೇ ಎಂದಿರಿ, ಕ್ಷಮೆ ಕೇಳಿದಿರಿ. ನೋರಾ, ಬರೆದಿಟ್ಟಿದ್ದೆ ಅಂದುಕೊಂಡಿದ್ದೆ, ವಯಸ್ಸಾಯಿತು, ಮರೆತಿರಬೇಕು ಎಂದರು. ನನ್ನ ಮೈಕ್ ಮ್ಯೂಟ್‌ನಲ್ಲಿತ್ತು. ಒಂದು ಗುಂಡಿ ಒತ್ತಿದ್ದರೆ —

ಮರುದಿನ ಬೇಲಿಯಾಚೆಯಿಂದ ನೀವು ಹೇಳಿದಿರಿ: "ಕಾಣಲೇ ಇಲ್ಲ ಮಾರಾಯ. ಮಾಸ್ಕ್ ಹಾಕಿ ಕನ್ನಡಕ ಮಂಜಾಗಿತ್ತು."

"ಹೋಗ್ಲಿ ಬಿಡಿ ಲಾರೆನ್ಸಣ್ಣ, ನೀವೇನು ಬೇಕೂಂತ ಮಾಡಿದ್ದಲ್ವಲ್ಲ," ಎಂದೆ. ತಪ್ಪು ಮಾಡಿದವನು ನಾನು, ನಿಮ್ಮನ್ನು ಕ್ಷಮಿಸಿದವನೂ ನಾನೇ.

ನಿರ್ಬಂಧ ಸಡಿಲಗೊಂಡು ಫಲಕಗಳನ್ನು ಮತ್ತೆ ತೂಗುಹಾಕುವ ದಿನ, ನಮ್ಮ ಹೆಸರುಗಳನ್ನೂ ಅದೇ ಗೋಡೆಯಲ್ಲಿ ಬರೆಯಿರೆಂದು ನೋರಾ ಪೆನ್ಸಿಲ್ ಕೊಟ್ಟರು. ಎಲ್ಲರೂ ಬರೆದರು. ನೀವು ಮಾತ್ರ ಕೈ ಹಿಂದೆ ಕಟ್ಟಿಕೊಂಡು, "ಬೇರೆಯವರ ಹೆಸರು ಅಳಿಸಿದವ ಅಲ್ಲಿ ತನ್ನ ಹೆಸರು ಬರೀಬಾರ್ದು," ಎಂದಿರಿ. ನಾನು ಬರೆದೆ, ಕನ್ನಡದಲ್ಲಿ, ದಪ್ಪ ಅಕ್ಷರಗಳಲ್ಲಿ.

ಇಂದಿಗೂ ಆ ನೀಲಿಯ ಕೆಳಗೆ ನಿಂತರೆ ಬೆರಗಾಗುತ್ತದೆ. ಕಣ್ಣು ಒಂಬತ್ತರ ಕಡೆ ಹೋದರೆ ನಾಚಿಕೆಯಾಗುತ್ತದೆ. ಭಾನುವಾರ ಪೂಜೆ ಮುಗಿದ ಮೇಲೆ, ನಿಮ್ಮೆದುರಿಗೇ, ಆ ಹಾಳೆಯನ್ನು ನೋರಾ ಅವರ ಕೈಗೆ ಕೊಡುತ್ತೇನೆ. ಅವರು ಒಪ್ಪಿದರೆ ಫಲಕ ಇಳಿಸಿ ನನ್ನ ಹೆಸರು ಅಳಿಸುತ್ತೇನೆ. ಅದನ್ನು ಇಳಿಸಲು ಇಬ್ಬರು ಬೇಕು, ಲಾರೆನ್ಸಣ್ಣ. ಇನ್ನೊಂದು ತುದಿ ಹಿಡಿಯಿರಿ ಎಂದು ನಿಮ್ಮನ್ನು ಕೇಳುವ ಮುಖ ನನಗಿಲ್ಲ.