ನೋವಿಗೆ ಹತ್ತರಲ್ಲಿ ಎರಡು ಅಂಕ

ಸರ್ಪಸುತ್ತು ಕೆಲವರಿಗೆ ಬಂದು ಹೋಗುತ್ತದೆ. ನನ್ನಲ್ಲಿಗೆ ಬಂದದ್ದು ಗುಳ್ಳೆಗಳನ್ನೂ ಕಲೆಗಳನ್ನೂ ತೆಗೆದುಕೊಂಡು ಹೋಯಿತು, ಉರಿಯನ್ನು ಮಾತ್ರ ಎಡ ಪಕ್ಕೆಲುಬಿನ ಮೇಲೆ ಬಿಟ್ಟುಹೋಯಿತು. ಹೊರಗಿನಿಂದ ನೋಡಿದರೆ ಏನೂ ಇಲ್ಲ. ಅಂಗಿ ತಾಗಿದರೆ ಮಾತ್ರ ಕಾದ ಕಾವಲಿ ಇಟ್ಟ ಹಾಗೆ. ಅರುವತ್ತೆರಡನೆಯ ವಯಸ್ಸಿನಲ್ಲಿ ನಾನು ದುಬೈಯ ಕರಾಮದ ಬೀದಿಯಲ್ಲಿ ಅಂಗಿಯನ್ನು ಎರಡು ಬೆರಳಿನಿಂದ ಮೈಯಿಂದ ದೂರ ಎಳೆದು ಹಿಡಿದುಕೊಂಡು ನಡೆಯುತ್ತಿದ್ದೆ. ನೋಡಿದವರು ಇದೂ ನನ್ನದೇ ಒಂದು ತಮಾಷೆ ಎಂದುಕೊಂಡರು. ತಪ್ಪಿಲ್ಲ. ನನ್ನಿಂದ ಒಮ್ಮೆಯಾದರೂ ಮಂಗ ಆಗದ ಕರಾವಳಿಯವರು ದುಬೈಯಲ್ಲಿ ಆಗ ಯಾರಾದರೂ ಇದ್ದರೆ, ಅವರು ಹಿಂದಿನ ವಾರವಷ್ಟೇ ವಿಮಾನ ಇಳಿದವರು.

ಆ ಉರಿಗೆ ಒಂದೇ ಮಾತ್ರೆ ಹಿಡಿಯುತ್ತಿತ್ತು. ಅದು ಸರ್ಕಾರ ಕಣ್ಣಿಟ್ಟು ಕಾಯುವ ಜಾತಿಯ ಮಾತ್ರೆ. ಅದನ್ನು ಕೊಳ್ಳಲು ನನ್ನ ಫೋಟೋ ಅಂಟಿಸಿದ ಒಂದು ಹಳದಿ ಕಾರ್ಡು ಬೇಕು, ಕಾರ್ಡನ್ನು ಮೂರು ತಿಂಗಳಿಗೊಮ್ಮೆ ಹೊಸತು ಮಾಡಿಸಬೇಕು. ಕಾರ್ಡು ಇಲ್ಲದೆ ಆ ಮಾತ್ರೆ ಜೇಬಿನಲ್ಲಿ ಸಿಕ್ಕಿದರೆ ಔಷಧಿ ಅಂಗಡಿಯವನೊಂದಿಗೆ ಅಲ್ಲ, ಪೊಲೀಸರೊಂದಿಗೆ ಮಾತು.

ಮೊದಲ ಮೂರು ಸಲ ಸಲೀಸಾಗಿ ಆಯಿತು. ನಾಲ್ಕನೆಯ ಸಲ ಆದದ್ದನ್ನು ಈಗ ನೆನೆಸಿಕೊಂಡರೂ ಬಾಯಿ ಕಹಿಯಾಗುತ್ತದೆ.

ನನ್ನ ವೀಸಾ ದುಬೈಯಿಂದ ದೂರದ ಮರುಭೂಮಿಯ ಊರು ಮದೀನತ್ ಜಾಯೆದ್‌ನ ಒಂದು ಕಂಪೆನಿಯದ್ದು. ಹಾಗಾಗಿ ಮೊದಲ ಪತ್ರ ಅಲ್ಲಿನ ಕಂಪೆನಿ ಡಾಕ್ಟರರಿಂದ ಬರಬೇಕು. ಮೂರು ಗಂಟೆ ಬಸ್ಸು, ಎರಡೂ ಬದಿ ಮರಳು, ನನ್ನ ಎಡ ಪಕ್ಕಕ್ಕೆ ಒರಗಿ ನಿದ್ದೆ ಹೊಡೆಯುವ ಒಬ್ಬ ಗಟ್ಟಿಮುಟ್ಟಾದ ವೆಲ್ಡರ್. ಅಲ್ಲಿ ಹೋದರೆ ಡಾಕ್ಟರರು ಪತ್ರ ಬರೆದುಕೊಟ್ಟರು, ಸಹಿಯನ್ನೂ ಹಾಕಿದರು. ಸೀಲು ಮಾತ್ರ ಇಲ್ಲ. ಸೀಲು ಇಟ್ಟುಕೊಂಡವನು ರಜೆಯ ಮೇಲೆ ಊರಿಗೆ ಹೋಗಿದ್ದಾನೆ, ಡ್ರಾವರಿಗೆ ಬೀಗ ಹಾಕಿ ಕೀಲಿಯನ್ನೂ ತೆಗೆದುಕೊಂಡು ಹೋಗಿದ್ದಾನೆ. ಡ್ರಾವರು ನಮ್ಮ ಮುಂದೆಯೇ ಇತ್ತು. ಅಲ್ಲಾಡಿಸಿದರೆ ಒಳಗೆ ಸೀಲು ಉರುಳುವ ಶಬ್ದ ಕೇಳುತ್ತಿತ್ತು. ಡಾಕ್ಟರರು, ನಾನು, ಅಲ್ಲಿನ ಗುಮಾಸ್ತ, ಮೂವರೂ ಸರದಿಯಲ್ಲಿ ಅಲ್ಲಾಡಿಸಿ ಕೇಳಿದೆವು. ಒಂದು ವಾರ ಬಿಟ್ಟು ಮತ್ತೆ ಮೂರು ಗಂಟೆ ಬಸ್ಸು.

ಎರಡನೆಯ ಮೆಟ್ಟಿಲು ದುಬೈಯಲ್ಲೇ, ಸತ್ವಾದ ಟೈಪಿಂಗ್ ಸೆಂಟರ್. ಅರ್ಜಿ ಅರಬಿಯಲ್ಲಿರಬೇಕು. ಟೈಪ್ ಮಾಡುವವರು ಭಟ್ಕಳದವರು, ನನ್ನ ಹಳೆಯ ಪರಿಚಯ. ಒಮ್ಮೆ ನನ್ನ ಮಾತು ಕೇಳಿ ತಮ್ಮ ಅಂಗಡಿಗೆ ತಾವೇ ‘ಇಂದು ರಜೆ’ ಎಂಬ ಬೋರ್ಡು ಹಾಕಿ ಮನೆಗೆ ಹೋದವರು.

“ಕಾಯಿಲೆ ಎಂತ ಅಂತ ಬರೀಲಿ?” ಎಂದರು.

“ಸರ್ಪಸುತ್ತು.”

“ಅರಬಿಯಲ್ಲಿ ಹಾವು ಸುತ್ತಿದೆ ಅಂತ ಬರೆದ್ರೆ ನಿಮ್ಮನ್ನು ಪ್ರಾಣಿ ಆಸ್ಪತ್ರೆಗೆ ಕಳಿಸ್ತಾರೆ. ನರದ ನೋವು ಅಂತ ಹಾಕ್ತೇನೆ. ಸುಮ್ನೆ ಕೂತ್ಕೊಳ್ಳಿ ಮಾರಾಯ್ರೆ, ಇವತ್ತು ನಂಗೆ ಟೋಪಿ ಹಾಕ್ಲಿಕ್ಕೆ ಬರಬೇಡಿ.”

“ಇವತ್ತು ನಂಗೆ ಪುರುಸೊತ್ತಿಲ್ಲ.”

“ಹಾಗಾದ್ರೆ ಕಾಯಿಲೆ ಜೋರೇ ಉಂಟು,” ಎಂದು ಅವರು ಟೈಪ್ ಮಾಡತೊಡಗಿದರು.

ಮೂರನೆಯ ಮೆಟ್ಟಿಲು ಆಸ್ಪತ್ರೆಯ ನೋವಿನ ವಿಭಾಗ. ಗುರುವಾರ ಬೆಳಿಗ್ಗೆ ಹೋದೆ. ನನ್ನ ಬಳಿ ಉಳಿದದ್ದು ನಾಲ್ಕು ದಿನದ ಮಾತ್ರೆ. ನೆಲ ಹೊಳೆಯುವ ಹಾಗೆ ಒರೆಸಿದ್ದರು, ಆ ಒರೆಸಿದ ದ್ರಾವಣದ ವಾಸನೆ ಮೂಗಿಗೆ ಅಡರುತ್ತಿತ್ತು. ನನ್ನ ಹಿಂದಿನ ಡಾಕ್ಟರು ಈಜಿಪ್ಟಿನವರು, ಹೊಟ್ಟೆ ಕುಣಿಸಿ ನಗುವವರು. ಅವರು ಬೇರೆ ದೇಶಕ್ಕೆ ಹೋಗಿಯಾಗಿತ್ತು. ಅವರ ಕುರ್ಚಿಯಲ್ಲಿ ದಿಲ್ಲಿ ಕಡೆಯ ಒಬ್ಬ ಎಳೆಯ ಡಾಕ್ಟರ್ ಕೂತಿದ್ದ. ಒಂದು ಕೈಯಲ್ಲಿ ಚೀಸ್ ಸುರಿಯುವ ಸ್ಯಾಂಡ್‌ವಿಚ್ಚು, ಇನ್ನೊಂದು ಕೈಯಲ್ಲಿ ಕಂಪ್ಯೂಟರಿನ ಇಲಿ. ನಾನು ಒಳಗೆ ಬಂದದ್ದು ಅವನಿಗೆ ಕಿವಿಯಿಂದ ಮಾತ್ರ ಗೊತ್ತಾಯಿತು. ಅವನು ಇಂಗ್ಲಿಷಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಅದು ಇನ್ನಷ್ಟು ಅಸಹ್ಯವಾಗಿ ಕೇಳುತ್ತದೆ.

“ನಿಮ್ಮ ನೋವು ಹತ್ತರಲ್ಲಿ ಎರಡು. ಒಂಬತ್ತು ತಿಂಗಳಿಂದ ಎರಡೇ. ಎರಡಕ್ಕೆ ಈ ಮಾತ್ರೆ ಯಾಕೆ?”

“ಯಾರು ಎರಡು ಅಂದದ್ದು?”

“ನೀವೇ,” ಎಂದು ಅವನು ಪರದೆಯನ್ನು ನನ್ನ ಕಡೆಗೆ ತಿರುಗಿಸಿದ. ಪರದೆಯ ಅಂಚಿನಲ್ಲಿ ಚೀಸ್ ಅಂಟಿಕೊಂಡಿತು.

ಹೌದು, ನಾನೇ ಹೇಳಿದ್ದು. ಮೊದಲ ಸಲ ಈಜಿಪ್ಟಿನವರು ನೋವೆಷ್ಟು ಎಂದು ಕೇಳಿದಾಗ, “ನಿಮ್ಮ ಮುಖ ನೋಡಿದ ಮೇಲೆ ಎರಡಕ್ಕೆ ಇಳಿಯಿತು” ಎಂದಿದ್ದೆ. ಎರಡನೆಯ ಸಲ, “ನರ್ಸಮ್ಮ ಕೇಳಿದರೆ ಒಂದು, ನೀವು ಕೇಳಿದರೆ ಎರಡು.” ಮೂರನೆಯ ಸಲ, “ಮೂರು, ಅದರಲ್ಲಿ ಒಂದು ಹೆಂಡತಿಯದ್ದು.” ಅವರು ಪ್ರತಿ ಸಲ ನಕ್ಕು ಎರಡು ಎಂದು ಬರೆದು, ಮಾತ್ರೆಯನ್ನು ಮಾತ್ರ ಎಂಟರ ನೋವಿನದ್ದೇ ಬರೆದಿದ್ದರು. ಅವರಿಗೆ ನಾನು ಅರ್ಥವಾಗಿದ್ದೆ. ಅರ್ಥವಾದದ್ದನ್ನು ಅವರು ಕಂಪ್ಯೂಟರಿನಲ್ಲಿ ಬರೆದಿರಲಿಲ್ಲ. ಅಲ್ಲಿ ಇದ್ದದ್ದು ಇಷ್ಟು: ರೋಗಿ ಉಲ್ಲಾಸದಿಂದಿದ್ದಾರೆ.

“ಅದು ತಮಾಷೆಗೆ ಹೇಳಿದ್ದು. ನಿಜವಾಗಿ ಎಂಟು.”

“ಮಾತ್ರೆ ಕೊಡುವುದಿಲ್ಲ ಎಂದ ಮೇಲೆ ಎಂಟು ಆಯಿತಾ?” ಎಂದ ಅವನು. ನನ್ನ ಅಂಗಿಯನ್ನು ಎತ್ತಿ ನೋಡಲಿಲ್ಲ. ಕುರ್ಚಿಯಿಂದ ಏಳಲಿಲ್ಲ. “ಮರುಪರಿಶೀಲನೆಗೆ ಹಾಕಿದ್ದೇನೆ. ಮುಂದಿನ ಬುಧವಾರ ಬನ್ನಿ” ಎಂದು ಕಾಗದದ ಕರವಸ್ತ್ರದಲ್ಲಿ ಬಾಯಿ ಒರೆಸಿ ಅದನ್ನು ನನ್ನ ಅರ್ಜಿಯ ಮೇಲೆಯೇ ಇಟ್ಟ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಸೊಪ್ಪು ಸೋಸುತ್ತಾ ಸಮಾಧಾನದಲ್ಲಿ ಹೇಳಿದಳು.

“ಬಿಡಿ. ಆ ದರಿದ್ರದವರ ಕಾರ್ಡು ಬೇಡ. ಮಾತ್ರೆ ಬರ್ತಾ ಉಂಟು.”

“ಎಲ್ಲಿಂದ?”

“ಊರಿಂದ. ನೀವು ಡಾಕ್ಟ್ರ ಹತ್ರ ಎರಡು ಅಂತ ತಮಾಷೆ ಮಾಡಿ ಬಂದದ್ದಕ್ಕೆ ಒಂದಲ್ಲ ಒಂದು ದಿನ ಹೀಗೇ ಆಗ್ತದೆ ಅಂತ ಗೊತ್ತಿತ್ತು, ನಾನು ಮೊದಲೇ ಅಣ್ಣನಿಗೆ ಹೇಳಿದ್ದೆ. ಅಮ್ಮ ಮಾಡಿದ ಹಪ್ಪಳದ ಕಟ್ಟಿನ ನಡುವಿನಲ್ಲಿಟ್ಟು ಚೆಂದ ಮಾಡಿ ಪ್ಯಾಕ್ ಮಾಡಿದ್ದಾನೆ. ಮೇಲಿನ ಮನೆಯ ಹುಡುಗಿ ತರ್ತಾಳೆ, ಮಧ್ಯಾಹ್ನದ ವಿಮಾನದಲ್ಲಿ.”

ಮೇಲಿನ ಮನೆಯ ಹುಡುಗಿ ಎಂದರೆ ಹೆರಿಗೆಗೆಂದು ಊರಿಗೆ ಹೋಗಿದ್ದವಳು, ಈಗ ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ಒಬ್ಬಳೇ ಗಂಡನ ಬಳಿಗೆ ಹೊರಟವಳು. ನಮ್ಮವರಲ್ಲಿ ಊರಿಂದ ಬರುವವರು ಹತ್ತು ಮನೆಯ ಕಟ್ಟು ಹೊತ್ತುಕೊಂಡೇ ಬರುವುದು. ಟೇಪು ಸುತ್ತಿ, ಮೇಲೆ ಹೆಸರು ಬರೆದು ಕೊಟ್ಟ ಕಟ್ಟನ್ನು ತರುವವರು ಬಿಚ್ಚಿ ನೋಡುವ ಪದ್ಧತಿ ಇಲ್ಲ. ಒಳಗೆ ಏನುಂಟು ಎಂದು ಕೇಳಿದರೆ ಕೊಟ್ಟವರನ್ನು ಕಳ್ಳರೆಂದ ಹಾಗೆ. ಎಷ್ಟು ಕಿಲೋ ಎಂದು ಮಾತ್ರ ಕೇಳುತ್ತಾರೆ.

“ಅವಳಿಗೆ ಗೊತ್ತುಂಟಾ?” ಎಂದೆ.

“ಹೇಳಿದ್ರೆ ತರ್ತಾಳಾ?”

ನನ್ನ ಪಕ್ಕೆಯ ಉರಿ ಆ ಕ್ಷಣ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ನಲುವತ್ತು ವರ್ಷ ಸಂಸಾರ ಮಾಡಿದವಳ ಕೈಯಲ್ಲಿ ಆ ಹರಿವೆ ದಂಟನ್ನು ನೋಡಿ ಹೇಸಿಗೆ ಆಯಿತು. ಅವಳ ಮೇಲೆ ಅಲ್ಲ, ನನ್ನ ಮೇಲೆ. ನಾನು ಹಲ್ಲು ಕಿರಿದು ಎರಡು ಎಂದದ್ದಕ್ಕೆ ಒಂದು ಬಾಣಂತಿ ಹುಡುಗಿ ಜೈಲಿಗೆ ಹೋಗುವುದರಲ್ಲಿದ್ದಳು.

ಫೋನು ಹಚ್ಚಿದೆ. ಅವಳು ಮಂಗಳೂರಿನ ವಿಮಾನ ನಿಲ್ದಾಣದ ಒಳಗೆ ಸಾಲಿನಲ್ಲಿ ನಿಂತಿದ್ದಳು. ಕೂಸಿನ ಅಳು ಕೇಳುತ್ತಿತ್ತು.

“ಮಗಳೇ, ನಮ್ಮ ಹಪ್ಪಳದ ಕಟ್ಟು ತರಬೇಡ. ಅದರಲ್ಲಿ ತರಬಾರದ ಮಾತ್ರೆ ಉಂಟು. ಈಗಲೇ ತೆಗೆದು ಹೊರಗೆ ಕೊಡು.”

ಅವಳು ನಕ್ಕಳು. “ಹೋದ ಸಲ ಗಸಗಸೆ, ಈ ಸಲ ಮಾತ್ರೆಯಾ ಅಂಕಲ್?”

ಗಸಗಸೆಯ ಕತೆ ಹೇಳಬೇಕು. ಅಫೀಮು ಗಿಡದ ಬೀಜವೆಂದು ಗಲ್ಫಿನಲ್ಲಿ ಗಸಗಸೆಗೆ ನಿಷೇಧವಿದೆ, ನಮ್ಮವರಿಗೆ ಅದರ ಹೆಸರು ಕೇಳಿದರೇ ಹೆದರಿಕೆ. ಎರಡು ವರ್ಷದ ಹಿಂದೆ ಇವಳ ಗಂಡ ಅದೇ ಸಾಲಿನಲ್ಲಿ ನಿಂತಿದ್ದಾಗ ನಾನು ಸ್ವರ ಬದಲಿಸಿ ಫೋನು ಮಾಡಿ, ನಿಮ್ಮ ಪೆಟ್ಟಿಗೆಯಲ್ಲಿ ಗಸಗಸೆ ಇರುವ ಸುದ್ದಿ ಬಂದಿದೆ ಎಂದಿದ್ದೆ. ಆ ಪಾಪದವನು ತಾಯಿ ಹುರಿದು ಕೊಟ್ಟ ಮಸಾಲೆಪುಡಿಗಳನ್ನೆಲ್ಲ ಕಸದ ಡಬ್ಬಿಗೆ ಸುರಿದು ಬಂದಿದ್ದ. ಆ ಕತೆಯನ್ನು ಕರಾಮದ ಒಂದು ಹೋಟೆಲನ್ನೂ ಬಿಡದೆ ಹೇಳಿಕೊಂಡು ತಿರುಗಿದವನು ನಾನೇ.

“ಇಲ್ಲ ಮಗಳೇ, ಇದು ತಮಾಷೆ ಅಲ್ಲ.”

“ಅವರಿಗೂ ನೀವು ಹಾಗೇ ಹೇಳಿದ್ರಂತೆ. ನಾನು ಅವರ ಹಾಗೆ ಪೆದ್ದು ಅಲ್ಲ ಅಂಕಲ್. ಇಡ್ತೇನೆ, ಮಗು ಹಟ ಮಾಡ್ತಾ ಉಂಟು.”

ಮತ್ತೆ ಮಾಡಿದೆ. ಎತ್ತಲಿಲ್ಲ. ಮೂರನೆಯ ಸಲವೂ ಇಲ್ಲ. ಹೆಂಡತಿಯ ಕೈಗೆ ಅವಳದ್ದೇ ಫೋನು ಕೊಟ್ಟೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

“ನಾನು ಹೇಗೆ ಹೇಳುದು? ಮತ್ತೆ ಅವಳ ಮುಖ ಹೇಗೆ ನೋಡುದು?”

“ಜೈಲಿನ ಕಂಬಿಯಿಂದ ನೋಡಿದ್ರೆ ಆಗ್ತದಾ?”

ಹೆಂಡತಿಯ ನಂಬರು ಕಂಡದ್ದರಿಂದ ಹುಡುಗಿ ಎತ್ತಿದಳು. ಹೆಂಡತಿ ತುಳುವಿನಲ್ಲಿ ಹೇಳಿದಳು, ಒಂದೇ ಉಸಿರಿನಲ್ಲಿ, ನೆಲ ನೋಡಿಕೊಂಡು. ಆ ಕಡೆಯಿಂದ ಪೆಟ್ಟಿಗೆಯ ಟೇಪು ಕೀಳುವ ಶಬ್ದ, ಕೂಸು ಕಿರುಚುವ ಶಬ್ದ. ಅವಳ ಅಪ್ಪ ಗಾಜಿನ ಹೊರಗೆ ಇನ್ನೂ ನಿಂತಿದ್ದರಂತೆ. ಬಾಗಿಲಿನ ಬಳಿ ಹೋಗಿ ಕಟ್ಟನ್ನು ಅವರ ಕೈಗೆ ದಾಟಿಸಿದಳು. ಫೋನು ಇಡುವ ಮೊದಲು ಅವಳು ಆಡಿದ್ದು ಒಂದೇ ಮಾತು: “ಆಂಟಿ, ನನ್ನ ಕೈಯಲ್ಲಿ ಮಗು ಉಂಟು.”

ಮಾತ್ರೆ ಭಾನುವಾರ ಮುಗಿಯಿತು. ಸೋಮವಾರ ಮತ್ತು ಮಂಗಳವಾರ ನಾನು ಅಂಗಿ ಇಲ್ಲದೆ, ಎಸಿ ಗಾಳಿ ಮೈಗೆ ತಾಗದ ಮೂಲೆ ಹುಡುಕಿಕೊಂಡು, ಅಡುಗೆಮನೆಯ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತೆ. ಹೆಂಡತಿ ದಾಟುವಾಗ ಸೆರಗು ತಾಗದ ಹಾಗೆ ಒತ್ತಿ ಹಿಡಿದುಕೊಂಡು ದಾಟುತ್ತಿದ್ದಳು.

ಬುಧವಾರ ಅದೇ ಕೋಣೆ, ಅದೇ ಡಾಕ್ಟರು, ಈ ಸಲ ಕೈಯಲ್ಲಿ ಕೋಳಿಯ ರೋಲು. ನರ್ಸಮ್ಮ ಕೇರಳದವರು, ಮಂಗಳೂರಿನಲ್ಲಿ ನರ್ಸಿಂಗ್ ಓದಿದವರು, ನನ್ನ ಮೂರೂ ತಮಾಷೆಗಳನ್ನು ಕಿವಿಯಾರೆ ಕೇಳಿದವರು. ಡಾಕ್ಟರ್ ಅಂಕೆ ಕೇಳಿದ. ಎಂಟು ಎಂದೆ. “ಎರಡರಿಂದ ಎಂಟಕ್ಕೆ ಒಂದೇ ವಾರದಲ್ಲಿ ಏರುವುದು ಸಂಶಯಕ್ಕೆ ಎಡೆಮಾಡುತ್ತದೆ” ಎಂದು ಅವನು ಟೈಪ್ ಮಾಡುತ್ತಲೇ ಓದಿದ.

ನರ್ಸಮ್ಮ ಕನ್ನಡದಲ್ಲಿ ನನ್ನ ಹತ್ತಿರ, “ಅಂಕಲ್, ಶರ್ಟ್ ತೆಗೀರಿ. ಮತ್ತೆ ದಯವಿಟ್ಟು ಬಾಯಿ ಮುಚ್ಚಿ,” ಎಂದರು. ಡಾಕ್ಟರಿಗೆ ಇಂಗ್ಲಿಷಿನಲ್ಲಿ, ಹತ್ತಿಯ ಪರೀಕ್ಷೆ ಒಮ್ಮೆಯೂ ಮಾಡಿದ್ದು ಫೈಲಿನಲ್ಲಿ ಇಲ್ಲ ಎಂದರು.

ಅವನು ರೋಲು ಕೆಳಗಿಟ್ಟು, ಕೈ ಒರೆಸಿ, ಹತ್ತಿಯ ಒಂದು ಎಳೆಯನ್ನು ನನ್ನ ಬಲ ಪಕ್ಕೆಯ ಮೇಲೆ ಎಳೆದ. ಏನೂ ಇಲ್ಲ. ಎಡಕ್ಕೆ ಎಳೆದ. ನನ್ನ ಬಾಯಿಂದ ತುಳುವಿನಲ್ಲಿ ಒಂದು ಮಾತು ಬಂತು. ಅದು ಅವನ ಹುಟ್ಟಿನ ಬಗ್ಗೆ, ಅವನ ತಂದೆಯ ಬಗ್ಗೆ, ಒಂದು ಹಂದಿಯ ಬಗ್ಗೆ ಇತ್ತು. ಕಣ್ಣಿನಲ್ಲಿ ನೀರು ತಾನಾಗಿ ಇಳಿಯಿತು.

“ಏನು ಹೇಳಿದರು?” ಎಂದ ಡಾಕ್ಟರ್.

“ಬಹಳ ನೋವು ಆಗುತ್ತದಂತೆ,” ಎಂದರು ನರ್ಸಮ್ಮ, ಮುಖ ಒಂಚೂರೂ ಅಲ್ಲಾಡಿಸದೆ.

ಅವನು ಎಂಟು ಎಂದು ಬರೆದ. ಕ್ಷಮೆ ಕೇಳಲಿಲ್ಲ. ಹಿಂದಿನ ಅಂಕೆಗಳು ಸರಿಹೊಂದದ ಕಾರಣ ಕಾರ್ಡು ಮೂರು ತಿಂಗಳಿಗಲ್ಲ, ಒಂದು ತಿಂಗಳಿಗೆ ಮಾತ್ರ ಎಂದ. ಅಂದರೆ ತಿಂಗಳು ತಿಂಗಳೂ ಮದೀನತ್ ಜಾಯೆದ್‌ನ ಬಸ್ಸು, ಸೀಲು, ಸತ್ವಾ, ಇವನ ಊಟದ ವಾಸನೆ. ಕಾರ್ಡು ಕೈಗೆ ತೆಗೆದುಕೊಂಡಾಗ ಅದರ ಮೂಲೆಯಲ್ಲಿ ಎಣ್ಣೆಯ ಬೆರಳಚ್ಚು ಇತ್ತು.

ಮಾತ್ರೆ ತೆಗೆದುಕೊಂಡು ಮನೆಗೆ ಬಂದಾಗ ಲಿಫ್ಟಿನಲ್ಲಿ ಮೇಲಿನ ಮನೆಯ ಹುಡುಗಿ ಸಿಕ್ಕಿದಳು, ಕೂಸು ಹೆಗಲ ಮೇಲೆ. ನಾನು ಹಳದಿ ಕಾರ್ಡನ್ನು ಎತ್ತಿ ತೋರಿಸಿದೆ, ಶಾಲೆಯಲ್ಲಿ ಅಂಕಪಟ್ಟಿ ತೋರಿಸುವವನ ಹಾಗೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಲಿಲ್ಲ.

“ತಪ್ಪಾಯ್ತು ಮಗಳೇ,” ಎಂದೆ. ಅಷ್ಟು ಚಿಕ್ಕ ವಾಕ್ಯವನ್ನು ನಾನು ಬಾಲ ಸೇರಿಸದೆ ಹೇಳಿದ್ದು ಅದೇ ಮೊದಲು.

ಲಿಫ್ಟು ನಮ್ಮ ಮಾಳಿಗೆಯಲ್ಲಿ ನಿಂತಿತು. ಬಾಗಿಲು ತೆರೆದ ಮೇಲೆ ಅವಳು ಮೆಲ್ಲಗೆ ಹೇಳಿದಳು. “ಅಂಕಲ್, ಇನ್ನು ನಮ್ಮ ಕೈಯಲ್ಲಿ ಊರಿಂದ ಎಂತದೂ ತರಿಸ್ಬೇಡಿ. ಹಪ್ಪಳವೂ ಬೇಡ. ಆಂಟಿಗೆ ನೀವೇ ಹೇಳಿ.”

ಆಂಟಿಗೆ ಅದನ್ನು ಹೇಳಲು ನನಗೆ ಎರಡು ದಿನ ಹಿಡಿಯಿತು. ಹೇಳಿದಾಗ ಅವಳು ಸರಿ ಎಂದಳು. ಊರಿಗೆ ಫೋನು ಮಾಡಿ, ಇನ್ನು ಹಪ್ಪಳ ಒಣಗಿಸಬೇಡಿ, ನಮಗೆ ಇಲ್ಲಿಯೇ ಸಿಗುತ್ತದೆ ಎಂದು ತನ್ನ ತಾಯಿಗೆ ಸುಳ್ಳು ಹೇಳಿದಳು.