ಚಿಗವ್ವನ ಫೋನಿನ ಮೇಲೆ ನನ್ನ ಸತ್ಯಾಗ್ರಹ

ಹತ್ತು ರೂಪಾಯಿಯ ಟಾಪ್‌ಅಪ್ ಹಾಕಿಸಿದರೆ, ತೆರಿಗೆಯೂ ಕಂಪನಿಯ ಶುಲ್ಕವೂ ಕಳೆದು ದಕ್ಕುವ ಮಾತು ಏಳೂವರೆ ರೂಪಾಯಿಗೂ ತುಸು ಕಡಿಮೆ ಎಂಬುದನ್ನು ನೀವೂ ಗಮನಿಸಿರುತ್ತೀರಿ, ಗಮನಿಸಿ ಸುಮ್ಮನಾಗಿರುತ್ತೀರಿ. ನಾನು ಸುಮ್ಮನಾಗುವ ಪೈಕಿ ಅಲ್ಲ. ಮಸ್ಕಿಯ ಶಾಲೆಯಲ್ಲಿ ಮೂವತ್ತು ವರ್ಷ ಶೇಕಡಾವಾರು ಲೆಕ್ಕ ಕಲಿಸಿದವನಿಗೆ, ಬಂಗಾರ ಕೊಂಡರೆ ನೂರಕ್ಕೆ ಮೂರು, ಅಕ್ಕತಂಗಿಯರಿಬ್ಬರು ಆಡು ಈಯಿತೇ ಎಂದು ವಿಚಾರಿಸಿಕೊಂಡರೆ ನೂರಕ್ಕೆ ಹದಿನೆಂಟು ತೆರಿಗೆ ಎಂಬ ನ್ಯಾಯ ಗಂಟಲಲ್ಲಿ ಇಳಿಯುವುದೇ ಇಲ್ಲ.

ಈ ಸಾತ್ವಿಕ ಕ್ರೋಧವನ್ನೆಲ್ಲ ನಾನು ಕಾರಿಕೊಳ್ಳುತ್ತಿದ್ದದ್ದು ರಿಚಾರ್ಜ್ ಅಂಗಡಿಯ ಮಹಬೂಬನ ಮುಂದೆ. ಪಾಪ, ಅವನದೇನು ತಪ್ಪು? "ತೆರಗಿ ನಾ ಹಾಕಿಲ್ರೀ ಸರ. ರಿಚಾರ್ಜ್ ಮಾಡ್ಲ್ಯೋ ಬ್ಯಾಡೋ, ಅಷ್ಟು ಹೇಳ್ರಿ" ಎನ್ನುತ್ತಿದ್ದ.

ಹೋದ ವರ್ಷ ಒಂದು ದಿನ "ಬೇಡ" ಎಂದೇಬಿಟ್ಟೆ. ಮೇಲಿನವರಿಗೊಂದು ಮನವಿ ಬರೆದು, ಉತ್ತರ ಬರುವವರೆಗೆ ಒಂದು ಪೈಸೆ ತೆರಿಗೆ ಕೊಡೆನೆಂದು ಶಪಥ ಮಾಡಿದೆ. ಇಲ್ಲಿ ಒಂದು ಸಣ್ಣ ವಿಷಯ ತಿಳಿಸಬೇಕು. ನನ್ನ ಫೋನಿಗೆ ವರ್ಷದ ರಿಚಾರ್ಜ್ ಆಗಲೇ ಆಗಿತ್ತು. ಅವಧಿ ಮುಗಿದದ್ದು ಗುರುಗುಂಟಾದಲ್ಲಿರುವ ಚಿಗವ್ವನ, ಅಂದರೆ ನನ್ನ ತಾಯಿಯ ತಂಗಿಯ, ಫೋನಿನದು. ಅದನ್ನು ನಾನೇ ತಿಂಗಳು ತಿಂಗಳು ತುಂಬಿಸುತ್ತಿದ್ದೆ.

"ಬರೋ ಫೋನೂ ಬಂದ್ ಆಗ್ತಾವ್ರಿ ಸರ" ಎಂದು ಮಹಬೂಬ ಎಚ್ಚರಿಸಿದ. ಹೋರಾಟವೆಂದರೆ ತುಸು ಕಷ್ಟ ಇದ್ದದ್ದೇ ಎಂದು ಗಂಭೀರವಾಗಿ ಹೇಳಿ ಮನೆಗೆ ಬಂದೆ. ಕಷ್ಟ ಯಾರಿಗೆ ಎಂಬುದು ಆಗ ಹೊಳೆಯಲಿಲ್ಲ.

ಚಿಗವ್ವನಿಗೆ ಅಂಕಿ ಗೊತ್ತಿಲ್ಲ, ಹಸಿರು ಗುಂಡಿ ಮಾತ್ರ ಗೊತ್ತು. ಸಂಜೆ ಆಡುಗಳನ್ನು ಕಟ್ಟಿ ಹಾಕಿ, ಕಟ್ಟೆಯ ಮೇಲೆ ಫೋನ್ ಹಿಡಿದು ಕೂತರೆ ಲಿಂಗಸುಗೂರಿನಿಂದ ಅವಳ ಅಕ್ಕ, ಅಂದರೆ ನಮ್ಮ ದೊಡ್ಡವ್ವ, ಫೋನ್ ಮಾಡುತ್ತಿದ್ದಳು. ಆ ಫೋನಿಗೆ ಇದ್ದದ್ದು ಅದೊಂದೇ ಕೆಲಸ. ನನ್ನ ಸತ್ಯಾಗ್ರಹ ಶುರುವಾದ ಮೇಲೆ ಕೆಲವೇ ದಿನಗಳಲ್ಲಿ ಅದೂ ನಿಂತಿತು. ಅದೇ ವಾರ ದೊಡ್ಡವ್ವ ಹಾಸಿಗೆ ಹಿಡಿದಳು. ದಿನಾ ಸಂಜೆ ತಂಗಿಗೆ ಫೋನ್ ಹಚ್ಚಿಕೊಡೆಂದು ಸೊಸೆಯನ್ನು ಪೀಡಿಸಿದಳಂತೆ. ನೆಟ್‌ವರ್ಕ್ ಇಲ್ಲವೆಂದು ಸೊಸೆ ಸಮಾಧಾನ ಹೇಳುತ್ತ ಬಂದಳು. ಆರನೆಯ ದಿನ ದೊಡ್ಡವ್ವ ತೀರಿಕೊಂಡ ಸುದ್ದಿ, ರಿಚಾರ್ಜ್ ಆಗಿದ್ದ ನನ್ನ ಫೋನಿಗೆ ಬಂತು.

ಚಿಗವ್ವನನ್ನು ಕರೆದುಕೊಂಡು ಹೋದೆ. ಮಣ್ಣು ಕೊಟ್ಟು ಬಂದು ಕೂತಾಗ ಅವಳು ಹೇಳಿದಳು: "ಅಕ್ಕ ಯಾಕೋ ನನ್ನ ಮ್ಯಾಲ ಸಿಟ್ಟಾಗ್ಯಾಳ ಅಂತ ತಿಳದು, ನಾನೂ ಸಿಟ್ಟಾಗೇ ಕುಂತಿದ್ನೆಪಾ."

ನಾನು ಎಲ್ಲ ಹೇಳಿಬಿಟ್ಟೆ. ಅವಳು ಕೇಳಿದಳು: "ಸಿಟ್ಟು ಸರಕಾರದ ಮ್ಯಾಲ ಇತ್ತಂತಿ. ಮತ್ತ ನಿನ್ನ ಫೋನ್ ಯಾಕ ಬಂದ್ ಮಾಡ್ಲಿಲ್ಲೋ ತಮ್ಮಾ?"

ಮನವಿಗೆ ಉತ್ತರ ಇಂದಿಗೂ ಬಂದಿಲ್ಲ. ಈ ಪ್ರಶ್ನೆಗೆ ನಾನೂ ಉತ್ತರ ಕೊಟ್ಟಿಲ್ಲ. ತೆರಿಗೆ ಅನ್ಯಾಯವೇ, ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಆದರೆ ಮಣ್ಣು ಕೊಟ್ಟ ಮರುದಿನವೇ ಮಹಬೂಬನ ಅಂಗಡಿಗೆ ಹೋಗಿ, ತುಟಿ ಪಿಟಕ್ಕೆನ್ನದೆ, ಅವಳ ಫೋನಿಗೂ ಇಡೀ ವರ್ಷದ್ದು ತುಂಬಿಸಿದೆ. "ಇನ್ನ ಇದಕ್ಕ ಯಾರು ಹಚ್ತಾರು?" ಎಂದಳು ಚಿಗವ್ವ. ನಾನು ಹಚ್ಚುತ್ತೇನೆ ಎಂದೆ.

ಸಂಜೆಯಾದರೆ ಹಚ್ಚುತ್ತೇನೆ. ಮೊದಲ ರಿಂಗಿಗೇ ಎತ್ತುತ್ತಾಳೆ. "ಉಂಡೀಯೇನಬೇ?" ಎನ್ನುತ್ತೇನೆ. "ಹೂಂ" ಎನ್ನುತ್ತಾಳೆ. ಆಮೇಲೆ ಇಬ್ಬರೂ ಫೋನನ್ನು ಕಿವಿಗೆ ಹಿಡಿದುಕೊಂಡೇ ಇರುತ್ತೇವೆ. ತೆರಿಗೆ ಕಟ್ಟಿ ಕೊಂಡ ಮಾತು ಅಷ್ಟೂ ಹಾಗೇ ಉಳಿದಿದೆ.