ಪದ್ಯ ಚಿಕ್ಕವ್ವನದು, ಅರ್ಥ ಅಜ್ಜನದು

"ನೀನು ದೊಡ್ಡ ಮ್ಯಾನಿಪ್ಯುಲೇಟರ್ ಅಮ್ಮ" ಅಂದಳು ನನ್ನ ಮಗಳು ಸಹನಾ. ಅದೂ ನಾನು ಅವಳಿಗೇ ದೋಸೆ ಹುಯ್ಯುತ್ತಿರುವಾಗ. (ಏನಾದರೂ ಬೇಕಿದ್ದರೆ ನಾನು ಅವ್ವ. ಸಿಟ್ಟು ಬಂದರೆ ಅಮ್ಮ.)

ನಾನು ಮಾಡಿದ್ದಾದರೂ ಏನು? ಬಿ.ಎ. ಮುಗಿಸಿದ ಅವಳಿಗೆ ಧಾರವಾಡಕ್ಕೆ ಹೋಗಿ ಎಂ.ಎ. ಓದುವ ಆಸೆ. ನನಗೆ ಅವಳು ಚಳ್ಳಕೆರೆಯಲ್ಲೇ ಇದ್ದು, ಊರಾಚೆ ಕುದಾಪುರದ ಕಡೆ ಎದ್ದಿರುವ ವಿಜ್ಞಾನ ಸಂಸ್ಥೆಗಳ ಕ್ಯಾಂಪಸ್ಸುಗಳಲ್ಲಿ ಎಲ್ಲಾದರೂ ಒಂದು ಲೈಬ್ರರಿ ಕೆಲಸ ಹಿಡಿಯಲಿ ಎಂಬ ಆಸೆ. ಬೆಳಿಗ್ಗೆ ಬಸ್ಸು, ಸಂಜೆ ಮನೆ, ಬಿಸಿ ಊಟ. ಹಾಗಂತ ನಾನು ಬೇಡ ಅನ್ನಲಿಲ್ಲ. "ಹೋಗಮ್ಮ, ನನಗೇನು. ನನ್ನ ಬಿ.ಪಿ. ಮಾತ್ರೆ ನಾನೇ ನೆನಪಿಟ್ಕೊಂಡು ನುಂಗಿದ್ರಾಯ್ತು" ಅಂದೆ, ಅಷ್ಟೇ.

ಅಷ್ಟಕ್ಕೇ ಭಾಷಣ ಶುರುವಾಯಿತು.

"ಹಳೇ ಕಾವ್ಯ ತೆಗೆದು ನೋಡು. ಎಷ್ಟು ರಾಜ್ಯ ಕತ್ತಿಯಿಂದ ಹಾಳಾಗೈತೆ? ರಾಣಿ ಕಿವಿ ಊದೋಳು ಒಬ್ಳು, ಅತ್ತು ಅತ್ತು ಮಾತು ತಗೊಳ್ಳೋಳು ಒಬ್ಳು, ಎಲ್ಲ ನಿನ್ನ ಒಳ್ಳೇದಕ್ಕೇ ಅನ್ನೋನು ಒಬ್ಬ. ನೀನು ಮೂರೂ ಪಾರ್ಟು ಒಬ್ಳೇ ಮಾಡ್ತೀಯಾ."

ಇಷ್ಟು ವರ್ಷ ಕಾಲೇಜಿನಲ್ಲಿ ಅದೇ ಕಾವ್ಯಗಳ ಪಾಠ ಮಾಡಿದವಳು ನಾನು. ಕಿವಿ ಊದುವವರ ಕುಟಿಲತನವನ್ನು ವಿವರಿಸಿ ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿದವಳು. ನನಗೇ ಪಾಠವೇ? ಸಿಟ್ಟಿಗೆ ಒಂದು ದೋಸೆ ಸೀದುಹೋಯಿತು.

ಎರಡು ದಿನ ಅವಳ ದೋಸೆ ಅವಳೇ ಹುಯ್ದುಕೊಂಡಳು. ಆಮೇಲೆ ಹುಡುಗಿ ತಾನಾಗಿಯೇ ಬಂದು ಪಕ್ಕ ಕೂತಳು.

"ಅವ್ವ, ಅಪ್ಲಿಕೇಶನ್ ಜತೆ ಒಂದು ಪ್ರಬಂಧ ಕೊಡ್ಬೇಕಂತೆ. ಹಳೇ ಕಾವ್ಯದಾಗೆ ಒಬ್ರು ಇನ್ನೊಬ್ರನ್ನ ಹೆಂಗೆ ಕುಣಿಸ್ತಾರೆ ಅಂತ. ಮೊಳಕಾಲ್ಮುರಿಗೆ ಹೋಗಿ ಚಿಕ್ಕಜ್ಜಿನ ಕೇಳೋಣ್ವಾ? ನಿಮ್ಮಜ್ಜ ಪುರಾಣ ಹೇಳ್ತಿದ್ರಲ್ಲ?"

ಅರ್ಜಿ ಹಾಕಿದ ಮಾತ್ರಕ್ಕೆ ಕಳಿಸಿದ ಹಾಗಾಯಿತೇ? ಬರೆದುಕೊಳ್ಳಲಿ ಬಿಡು ಅಂದುಕೊಂಡೆ. ಅಲ್ಲದೆ ಮೊಳಕಾಲ್ಮುರು ಅಂದರೆ ನಾನು ಕರಗಿಹೋಗುತ್ತೇನೆ. ಅದು ನನ್ನ ಅವ್ವನ ತವರು. ಭಾನುವಾರ ಬಸ್ಸು ಹತ್ತಿದೆವು.

ಶ್ರಾವಣ ಬಂತೆಂದರೆ ಅಲ್ಲಿ ನಮ್ಮಜ್ಜನ ಜಗಲಿಯಲ್ಲಿ ಪುರಾಣ. ಸಂಜೆಯಾಗುತ್ತಲೇ ಓಣಿಯ ಮಗ್ಗಗಳ ಸದ್ದು ಒಂದೊಂದಾಗಿ ನಿಲ್ಲುತ್ತಿತ್ತು. ಹೆಂಗಸರು ಕೈಕಾಲು ತೊಳೆದು, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಬರುತ್ತಿದ್ದರು. ಅಜ್ಜನಿಗೆ ಕಣ್ಣಿಗೆ ಪೊರೆ ಬಂದಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಆದ್ದರಿಂದ ಓದುವುದು ಚಿಕ್ಕವ್ವ, ಎಂದರೆ ನನ್ನ ಅವ್ವನ ತಂಗಿ, ಸಹನಾಳ ಚಿಕ್ಕಜ್ಜಿ. ಆಗಿನ್ನೂ ಲಂಗ ದಾವಣಿಯ ಹುಡುಗಿ, ಒಳ್ಳೆಯ ಕಂಠ. ಅವಳು ಒಂದು ಪದ್ಯ ಓದಿ ನಿಲ್ಲಿಸುತ್ತಿದ್ದಳು. ಅಜ್ಜ ಅರ್ಥ ಹೇಳುತ್ತಿದ್ದ.

ಪದ್ಯ ಹಳಗನ್ನಡದ್ದು. ಕೇಳುವವರಲ್ಲಿ ಅರ್ಧ ಜನ ಮನೆಯಲ್ಲಿ ತೆಲುಗು ಆಡುವವರು. ಅಜ್ಜ ‘ಅಂದರೆ’ ಎನ್ನುವ ಬದಲು ತೆಲುಗಿನಲ್ಲಿ "ಅಂಟೇ..." ಎಂದು ಎಳೆದು, ಎರಡೂ ಭಾಷೆ ಕಲಸಿ ಶುರು ಮಾಡಿದರೆ ಅವನು ಹೇಳಿದ್ದೇ ಪುರಾಣ. ಆಚೆಮನೆಯ ಓಬಕ್ಕನ ಮಗ ಬೇರೆ ಮನೆ ಹೂಡುತ್ತೇನೆಂದು ಹಟ ಹಿಡಿದಿದ್ದ ವಾರ ಪದ್ಯದಲ್ಲಿ ಬಂದದ್ದು ಒಬ್ಬ ರಾಜಕುಮಾರನ ಬೇಟೆ. ಅಜ್ಜನ ಅರ್ಥದಲ್ಲಿ ಆ ರಾಜಕುಮಾರ ಬೇರೆ ಒಲೆ ಹೂಡಿ, ಹೆಂಡತಿಗೆ ಬೇಳೆ ಬೇಯಿಸಲು ಬಾರದೆ, ಕಾಡಿನಲ್ಲಿ ಹಸಿದುಕೊಂಡು ಅಲೆದ! ಓಬಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಗ ಬೇರೆ ಹೋಗಲಿಲ್ಲ.

ಇದನ್ನು ಕುತಂತ್ರ ಅನ್ನಬೇಕೋ, ಕಾಳಜಿ ಅನ್ನಬೇಕೋ? ತವರಿಗೆ ಹೊರಟಿದ್ದ ಸೊಸೆಯರು ಅಜ್ಜನ ಅರ್ಥ ಕೇಳಿ ಕಟ್ಟಿದ್ದ ಗಂಟು ಬಿಚ್ಚಿದ್ದೂ ಉಂಟು. ಅವರಿಗೆ ಅದರಿಂದ ಒಳ್ಳೆಯದಾಯಿತೋ ಇಲ್ಲವೋ ಯಾರೂ ಕೇಳಲಿಲ್ಲ. ಆದರೂ ಆ ಜಗಲಿ ಇವತ್ತು ಇದ್ದಿದ್ದರೆ ಹೋಗಿ ಕೂತುಬಿಡುತ್ತಿದ್ದೆ. ಈಗ ಬೆಳಗಾದರೆ ಮೊಬೈಲಿಗೆ ಪದ್ಯವೇ ಇಲ್ಲದ ಅರ್ಥಗಳು ಬಂದು ಬೀಳುತ್ತವೆ. ಹೇಳುತ್ತಿರುವವರು ಯಾರು, ಅವರಿಗೆ ನಮ್ಮಿಂದ ಏನಾಗಬೇಕು, ಯಾರಿಗೆ ಗೊತ್ತು? ಅಜ್ಜನಾದರೆ ಎದುರಿಗೇ ಕೂತಿರುತ್ತಿದ್ದ. ಮರುದಿನ ಬೀದಿಯಲ್ಲಿ ನಿಲ್ಲಿಸಿ ಜಗಳವಾಡಬಹುದಿತ್ತು.

ಚಿಕ್ಕವ್ವ ಈಗ ರಿಟೈರ್ಡ್ ಟೀಚರ್. ಅವಳ ಸೊಸೆ ಮಂಡಕ್ಕಿ ಮಿರ್ಚಿ ತಂದಿಟ್ಟಳು. ಸಹನಾ ವಿಷಯ ಎತ್ತಿದ್ದೇ ತಡ, ಚಿಕ್ಕವ್ವ ನಕ್ಕಳು.

"ನಮ್ಮಪ್ಪ ಓಣಿನೆಲ್ಲ ಕುಣಿಸ್ತಿದ್ದ, ಹೌದು. ನಮ್ಮಪ್ಪನ್ನ ಕುಣಿಸಿದೋಳು ನಾನು. ನಿಮ್ಮವ್ವಂಗೂ ಗೊತ್ತಿಲ್ಲ."

ನಾನು ಮಿರ್ಚಿ ಕೆಳಗಿಟ್ಟೆ.

"ಕಾಲೇಜಿಗೆ ಚಳ್ಳಕೆರೆ ಹಾಸ್ಟೆಲಿಗೆ ಹೋಗ್ತೀನಿ ಅಂದಿದ್ದೆ. ಅಪ್ಪ ಬೇಡ ಅನ್ಲಿಲ್ಲ. ನೀನು ಹೋದ್ರೆ ನನ್ನ ಕಣ್ಣೇ ಹೋದಂಗೆ ಕಣವ್ವ ಅಂದ. ಅದ್ಕೆ ಏನಂತ ಉತ್ರ ಕೊಡ್ಲಿ? ಒಂದಿನ ಪುರಾಣ ಓದ್ತಾ ಓದ್ತಾ ಮಧ್ಯ ನಾಕು ಸಾಲು ನಾನೇ ಕಟ್ಟಿ ಸೇರಿಸ್ಬಿಟ್ಟೆ, ಅದೇ ರಾಗದಾಗೆ. ರಾಜ ತನ್ನ ಮಗಳ್ನ ನದಿ ಆಚೆ ಗುರುಗಳ ಹತ್ರ ಓದೋಕೆ ಕಳಿಸ್ತಾನೆ, ತಾನೇ ಬುತ್ತಿ ಹೊತ್ಕೊಂಡು ಹೋಗಿ ಬಿಟ್ಟು ಬರ್ತಾನೆ ಅಂತ."

"ಅಜ್ಜ ಏನಂದ?" ಅಂದೆ.

"ಮುಖ ನನ್ನ ಕಡೆ ತಿರುಗಿಸ್ದ. ಜನ ಅರ್ಥ ಹೇಳ್ರಿ ಸ್ವಾಮಿ ಅಂತ ಕಾಯ್ತಾವ್ರೆ. ಪುರಾಣದಾಗೆ ಇಲ್ಲ ಅಂದ್ರೆ ಮಗಳು ಸುಳ್ಳಿ ಆಗ್ತಾಳೆ. ಕೊನಿಗೆ ಅಂಟೇ ಅಂತ ಶುರು ಮಾಡ್ದ. ಎಂಥಾ ಅರ್ಥ ಹೇಳ್ದ ಅಂತೀಯ! ಓಬಕ್ಕ ಗಳಗಳ ಅತ್ಲು. ಪುರಾಣದಾಗೇ ಐತಲ್ಲ ಸ್ವಾಮಿ, ನಿಮ್ಮ ಹುಡುಗಿನೂ ಕಳಿಸ್ರಿ ಅಂದ್ಲು. ಇನ್ನೇನು ಮಾಡ್ತಾನೆ? ಬುತ್ತಿ ಕಟ್ಟಿಸ್ದ, ಬಸ್ ಹತ್ತಿಸ್ದ."

"ನಾನೂ ಅಲ್ಲೇ ಇದ್ದೆನಲ್ಲ, ನನಗೆ ನೆನಪೇ ಇಲ್ಲ."

"ನೀನು ನಿಮ್ಮವ್ವನ ತೊಡೆ ಮ್ಯಾಲೆ ನಿದ್ದೆ ಹೊಡೀತಿದ್ದೆ."

ಬರುವಾಗ ಬಸ್ಸಿನಲ್ಲಿ ಸಹನಾ ಕಿಟಕಿ ಪಕ್ಕ ಕೂತಳು. ಆಚೆಯೇ ನೋಡುತ್ತಿದ್ದಳು. ನನ್ನ ಕಣ್ಣಿಗೆ ಮಾತ್ರ ಅಜ್ಜನೇ ಕಾಣುತ್ತಿದ್ದ. ಬುತ್ತಿ ಗಂಟು ಹಿಡಿದು, ಮಂಜುಗಣ್ಣಿನಲ್ಲಿ ಬಸ್ಸಿನ ಬೋರ್ಡು ಹುಡುಕುತ್ತಿರುವ ಅಜ್ಜ. ಓದಿ ಹೇಳುವ ಮಗಳನ್ನೇ ಕಳಿಸಿಕೊಟ್ಟ ಮನುಷ್ಯನ ಮುಂದೆ ನನ್ನ ಬಿ.ಪಿ. ಮಾತ್ರೆ ಯಾವ ಲೆಕ್ಕ? ಬಸ್ಸು ತಳಕು ಊರು ದಾಟುವ ಹೊತ್ತಿಗೆ ನನ್ನ ಬಾಯಿಂದ ಬಂದೇಬಿಟ್ಟಿತು: "ಧಾರವಾಡದಲ್ಲಿ ಹಾಸ್ಟೆಲ್ ಊಟ ಹೆಂಗಂತೆ, ವಿಚಾರಿಸು." ಅವಳು ನನ್ನ ಭುಜಕ್ಕೆ ತಲೆ ಒರಗಿಸಿದಳು.

ಧಾರವಾಡದಲ್ಲಿ ಎಂ.ಎ. ಸೀಟೂ ಸಿಕ್ಕಿತು. ಮೊನ್ನೆ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದವಳನ್ನು ಕೇಳಿದೆ: "ಆ ಪ್ರಬಂಧ ಕೊಡೇ, ನಾನೂ ಓದ್ತೀನಿ."

"ಯಾವ ಪ್ರಬಂಧ?" ಅಂದಳು. ಅಂದವಳೇ ನಾಲಿಗೆ ಕಚ್ಚಿಕೊಂಡಳು.

ಗದರಿದ ಮೇಲೆ ಎಲ್ಲ ಹೊರಬಂತು. ಅರ್ಜಿಯ ಜತೆ ಯಾರೂ ಪ್ರಬಂಧ ಕೇಳಿರಲಿಲ್ಲ. ನಾವು ಮೊಳಕಾಲ್ಮುರಿಗೆ ಹೋಗುವ ಹಿಂದಿನ ದಿನವೇ ಚಿಕ್ಕಜ್ಜಿ ಮೊಮ್ಮಗಳ ನಡುವೆ ಫೋನಿನಲ್ಲಿ ಎಲ್ಲ ಮಾತುಕತೆ ಮುಗಿದಿತ್ತು! ಮೂರೂ ಪಾರ್ಟು ನಾನೇ ಮಾಡುತ್ತೇನಂತೆ. ಹಾಗಾದರೆ ಇವರಿಬ್ಬರದು ಯಾವ ಪಾರ್ಟು?

ತಕ್ಷಣ ಚಿಕ್ಕವ್ವನಿಗೆ ಫೋನ್ ಹಚ್ಚಿದೆ. "ನಿಜ ಹೇಳು ಚಿಕ್ಕವ್ವ. ಆ ನಾಕು ಸಾಲು ನೀನು ಅವತ್ತು ಕಟ್ಟಿದ್ದಾ, ಇಲ್ಲಾ ಹೋದ ತಿಂಗಳು ಕಟ್ಟಿದ್ದಾ?"

"ಹುಡುಗಿ ಹೊಂಟ್ಳಾ ಇಲ್ವಾ, ಅದು ಹೇಳು" ಅಂದಳು ಚಿಕ್ಕವ್ವ.